ಕೊಬ್ಬರಿ ಮೂಟೆಯಲ್ಲಿ ಐವತ್ತು ತೋಟಾ

೧೮ ಅಕ್ಟೋಬರ್ ೧೯೬೩, ಬಲಿಪಾಡ್ಯಮಿ

ಈ ಪುಸ್ತಕದ ಮೊದಲ ಹಾಳೆಯನ್ನು ಎರಡು ವರ್ಷದ ಹಿಂದೆ ಖಾಲಿ ಬಿಟ್ಟಿದ್ದೆ. ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದಾಗ ಕಲಿತ ಪಾಠ: ಮೊದಲ ಹಾಳೆಯನ್ನು ಕೊನೆಗೆ ಬರೆಯಬೇಕು, ಆಗ ಅದರಲ್ಲಿ ಸುಳ್ಳು ಕಮ್ಮಿ. ಇವತ್ತು ಅಂಗಡಿ ಪೂಜೆ ಮುಗಿಸಿ ಕೂತಿದ್ದೇನೆ. ಕೋವಿಯ ಬಾಬ್ತು ಹೋದದ್ದು ಇಷ್ಟು.

ಜೋಡುನಳಿಗೆ ಕೋವಿ, ಹಳೆಯದು: ೩೪೦ ರೂಪಾಯಿ.
ಲೈಸೆನ್ಸು, ಸ್ಟಾಂಪು, ಹಾಸನಕ್ಕೆ ಹೋಗಿಬಂದ ಬಸ್ಸು: ೩೮.
ತೋಟಾ, ಮೂರು ಸಾರಿ ಕೊಂಡದ್ದು, ಒಟ್ಟು ನೂರೈದು: ೧೯೦.
ಆಸ್ಪತ್ರೆ, ಇಂಜೆಕ್ಷನ್ನು, ಗಾಡಿ, ಮೊಟ್ಟೆ: ೧೬೩.
ಒಟ್ಟು: ೭೩೧.
ಒಂದು ಮೊಣಕಾಲು: ಬೆಲೆ ತಿಳಿಯದು. ಅಂಕಿಯ ಮನೆ ಖಾಲಿ ಬಿಟ್ಟಿದ್ದೇನೆ.

ಕೋವಿ ದುಬಾರಿ ಎಂದು ಜನ ತಿಳಿದಿದ್ದಾರೆ. ಎಮ್ಮೆ ಕೊಂಡವನು ಎಮ್ಮೆಯ ಬೆಲೆಗೆ ಅಳುವುದು ಒಂದು ದಿನ, ಹಿಂಡಿಯ ಬೆಲೆಗೆ ಅಳುವುದು ದಿನಾ. ನಾನು ದಿನಾ ಅಳಬಾರದೆಂದು ಹಿಂಡಿಯನ್ನು, ಅಂದರೆ ತೋಟಾವನ್ನು, ಒಂದೇ ಸಾರಿ ಕೊಂಡು ಬಚ್ಚಿಟ್ಟೆ. ಮಿಕ್ಕದ್ದು ಒಳಗಿನ ಹಾಳೆಗಳಲ್ಲಿದೆ.

೪ ಡಿಸೆಂಬರ್ ೧೯೬೧

ಕೋವಿ ಮನೆಗೆ ಬಂತು. ಕಾಫಿ ಎಸ್ಟೇಟಿನ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಾರಿಹೋದದ್ದು. ಅರ್ಜಿ ಬರೆದುಕೊಟ್ಟವರು ಸುಬ್ಬರಾಮಯ್ಯ. ಕಚೇರಿ ಕೆಲಸದಿಂದ ರಿಟೈರಾಗಿ, ಈಗ ನನ್ನ ಅಂಗಡಿಯ ಪಕ್ಕದ ಜಗಲಿಯಲ್ಲಿ ಕೂತು ಬೇಲೂರಿನವರ ಅರ್ಜಿಗಳನ್ನೆಲ್ಲ ಬರೆಯುತ್ತಾರೆ.

“ಕೋವಿ ಯಾಕೆ ಬೇಕು ಅಂತ ಬರೀಲಿ, ಮರುಳಪ್ಪನೋರೆ?”

“ಹಂದಿ.”

“ಬರೀ ಹಂದಿ ಅಂತ ಸರ್ಕಾರಕ್ಕೆ ಬರೆಯೋಕಾಗುತ್ತೇನ್ರೀ? ಬೆಳೆ ರಕ್ಷಣೆ ಅಂತ ಬರೀತೀನಿ. ಹಂದಿಗೂ ಮರ್ಯಾದೆ, ನಿಮಗೂ ಮರ್ಯಾದೆ.”

ಗೆಂಡೆಹಳ್ಳಿ ಹತ್ತಿರ ಮೂರೆಕರೆ ಕೊಂಡು ಆಲೂಗಡ್ಡೆ ಹಾಕಿದ್ದೆ. ಹೋದ ಮಳೆಗಾಲ ಹಂದಿಗಳು ಹನ್ನೊಂದು ಮೂಟೆ ತಿಂದವು. ಮೂಟೆಗೆ ಹದಿನಾಲ್ಕರಂತೆ ನೂರೈವತ್ತನಾಲ್ಕು ರೂಪಾಯಿ. ಎರಡೂವರೆ ವರ್ಷಕ್ಕೆ ಕೋವಿಯ ದುಡ್ಡು ಹುಟ್ಟುತ್ತದೆ. ಇಪ್ಪತ್ತೈದು ತೋಟಾ ಕೊಂಡೆ, ಒಂದಕ್ಕೆ ಎಂಬತ್ತು ನಯಾ ಪೈಸೆ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸಣ್ಣ ಸಾಮಾನು.

ಮನೆಯವಳು ಹೆಸರಿಗೆ ಗಿಡ್ಡಮ್ಮ, ನನಗಿಂತ ಒಂದು ಗೇಣು ಎತ್ತರ. ಮೇಲಿನಿಂದಲೇ ಕೋವಿ ನೋಡಿ ಹೇಳಿದಳು. “ಲಿಂಗಪೂಜೆ ಮಾಡೋ ಮನೇಲಿ ಇದನ್ನ ಎಲ್ಲಿ ತೂಗಾಕ್ತೀರಿ?” ಬಾಗಿಲ ಹಿಂದೆ ಮೂಲೆಯಲ್ಲಿ ನಿಲ್ಲಿಸಿದೆ.

೨೨ ಜುಲೈ ೧೯೬೨

ಹೊಲದಲ್ಲಿ ಮೂರು ತೋಟಾ ಹಾರಿಸಿದೆ. ಮೊದಲನೆಯದಕ್ಕೆ ಭುಜ ಊದಿತು. ಎರಡನೆಯದು ಬೆದರುಬೊಂಬೆಯ ತಲೆಯ ಮಡಕೆ ಒಡೆಯಿತು; ನಾನು ಗುರಿಯಿಟ್ಟದ್ದು ಹುತ್ತಕ್ಕೆ. ಮೂರನೆಯದು ಎಲ್ಲಿ ಹೋಯಿತೋ ಶಿವನಿಗೇ ಗೊತ್ತು. ಎರಡು ರೂಪಾಯಿ ನಲವತ್ತು ಪೈಸೆ.

ಬದುವಿನ ಮೇಲೆ ಕುರಿ ಬಿಟ್ಟುಕೊಂಡು ದೊಡ್ಡಬೀರಪ್ಪ ಕೂತಿದ್ದ. ಅರವತ್ತರ ಹತ್ತಿರದ ಮುದುಕ, ಈ ಸುತ್ತಿನಲ್ಲೇ ಗುರಿಗಾರ ಎಂದು ಹೆಸರು. ಅವನಿಗೊಂದು ಕೇಪಿನ ಕೋವಿ ಇತ್ತಂತೆ. ಮದ್ದು ಕೊಳ್ಳಲು ಕಾಸಿಲ್ಲದೆ ತುಕ್ಕು ಹಿಡಿದು ಗುಜರಿಗೆ ಹೋಯಿತು.

“ಹಂದಿ ನಗ್ತಾ ನಗ್ತಾ ಸಾಯ್ಬೇಕು ಸಾವ್ಕಾರ್ರೆ, ಹಂಗೆ ಹೊಡೀತೀರಿ.”

“ನೀನು ಹೊಡೀತೀಯೇನ್ಲಾ ಬೀರ?”

“ಕೋವಿ ಕೊಡಿ, ನೋಡಿ.”

“ತಪ್ಪಿದ್ರೆ?”

“ತಪ್ಪಿದ್ರೆ ನನ್ ಹೆಸ್ರಿಡಿದು ಕರೀಬ್ಯಾಡಿ.”

ಲೈಸೆನ್ಸಿನಲ್ಲಿ ನನ್ನ ಹೆಸರಿನ ಕೆಳಗೆ ಆಳು ಎಂದು ಅವನ ಹೆಸರು ಸೇರಿಸಲು ಸುಬ್ಬರಾಮಯ್ಯನವರಿಗೆ ಹೇಳಬೇಕು. ಕರಾರು: ಒಂದು ಸಲಕ್ಕೆ ಎರಡು ತೋಟಾ ಕೊಡುವುದು. ಎರಡು ಖಾಲಿ ತೋಟಾ ವಾಪಸು ತರುವುದು.

೧೯ ಆಗಸ್ಟ್ ೧೯೬೨

ಮೊದಲ ಹಂದಿ. ಒಂದೇ ಈಡು. ಎರಡನೆಯ ತೋಟಾ ಹಾಗೇ ವಾಪಸು ಬಂತು. ಎಂಬತ್ತು ಪೈಸೆ ಉಳಿತಾಯ.

ಹೊಂಗೆ ಮರದ ಕೆಳಗೆ ಪಾಲು ಹಾಕುವುದನ್ನು ದೂರ ನಿಂತು ನೋಡಿದೆ. ಇವರದೊಂದು ಕಟ್ಟಳೆ. ಊರಿನ ಹಿರಿಯ ಅಣ್ಣಯ್ಯ ಎದ್ದು ನಿಂತು, ಈಡು ಹೊಡೆದವನ ಹೆಸರನ್ನು ಮೂರು ಸಾರಿ ಕೂಗುತ್ತಾನೆ. ಹೆಸರು ಕೂಗುವವರೆಗೆ ಯಾರೂ ಪಾಲು ಮುಟ್ಟುವಂತಿಲ್ಲ. ಹೊಡೆದವನಿಗೆ ತಲೆ. ಆಮೇಲೆ ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಪೊದೆ ಬಡಿದು ಹಂದಿ ಎಬ್ಬಿಸಿದವರಿಗೆ ಸಮಪಾಲು. “ದೊಡ್ಡಬೀರಪ್ಪಾ” ಎಂದು ಅಣ್ಣಯ್ಯ ಕೂಗಿದಾಗ ಮುದುಕ ಆಕಾಶ ನೋಡುತ್ತ ಮೀಸೆ ತೀಡಿಕೊಂಡ. ಹೆಸರು ಕೂಗುವುದರಿಂದ ಏನು ಬರುತ್ತದೋ ನನಗೆ ತಿಳಿಯಲಿಲ್ಲ. ತಲೆ ತೂಗಿದರೆ ಐದು ಸೇರು ಬರಬಹುದು.

ಕೋವಿಯ ಪಾಲು ನನ್ನದಂತೆ. ನಾವು ತಿನ್ನುವವರಲ್ಲ.

“ಮಾರ್ತೀನಿ” ಅಂದೆ.

“ಕೋವಿ ಪಾಲು ಮಾರ್ಬಾರ್ದು ಕಣ್ರೀ ಸಾವ್ಕಾರ್ರೆ” ಎಂದ ಅಣ್ಣಯ್ಯ. “ಯಾರ್ಗಾದ್ರೂ ಕೊಟ್ಬುಡಿ.”

ಕೊಟ್ಟೆ, ನಾಲ್ಕು ಮನೆಗೆ. ನಾಳೆ ನಾಲ್ಕು ಮನೆಯವರೂ ನನ್ನ ಹೊಲದಲ್ಲಿ ಕಳೆ ಕೀಳಲು ಬರುತ್ತಾರೆ. ಮಾರಲಿಲ್ಲ.

೩೦ ಸೆಪ್ಟೆಂಬರ್ ೧೯೬೨

ಆಲೂಗಡ್ಡೆ ಅಗೆದು ಮುಗಿಯಿತು. ನಷ್ಟ ಒಂದೇ ಮೂಟೆ. ಹಂದಿ ನಾಲ್ಕು. ಬೀರಪ್ಪನಿಗೆ ಕೊಟ್ಟ ತೋಟಾ ಇಪ್ಪತ್ತೆರಡು, ವಾಪಸು ಬಂದ ಖಾಲಿ ಇಪ್ಪತ್ತೊಂದು. ಒಂದು ಎಲ್ಲಿ ಎಂದು ಅವನ ಮನೆಗೇ ಹೋಗಿ ಕೇಳಿದೆ. ಅವನ ಹೆಂಡತಿ ಹನುಮಕ್ಕ ಸೊಂಟದಿಂದ ತೆಗೆದು ತೋರಿಸಿದಳು. ಎಲೆಯಡಿಕೆಯ ಸುಣ್ಣ ತುಂಬಿಕೊಂಡಿದ್ದಾಳೆ.

“ಸುಣ್ಣ ಬಳ್ದು ಕೊಡ್ಲಾ, ಬರೀದೇ ಕೊಡ್ಲಾ?”

ಬಿಟ್ಟು ಬಂದೆ. ಖಾತೆಯಲ್ಲಿ ಬರೆದುಕೊಂಡಿದ್ದೇನೆ.

೯ ಡಿಸೆಂಬರ್ ೧೯೬೨

ಚೀನಾದವರ ಗಲಾಟೆ ನಿಂತರೂ ಬೆಲೆಗಳು ನಿಂತಿಲ್ಲ. ತೋಟಾಕ್ಕೆ ಒಂದು ರೂಪಾಯಿ ಅರವತ್ತು ಪೈಸೆ. ಹಾಸನದ ಅಂಗಡಿಯವನು ಸ್ನೇಹದ ಮಾತು ಹೇಳಿದ. “ಬರೋ ವರ್ಷ ದುಡ್ಡು ಕೊಟ್ರೂ ಸಿಗಲ್ಲ ಸ್ವಾಮಿ.” ಈ ಮಾತನ್ನು ನಾನೇ ಗಿರಾಕಿಗಳಿಗೆ ಸಾವಿರ ಸಾರಿ ಹೇಳಿದ್ದೇನೆ. ಆದರೂ ನಂಬಿದೆ. ವರ್ಷದ ಕೋಟಾ ಐವತ್ತನ್ನೂ ಒಂದೇ ಸಾರಿ ಎತ್ತಿದೆ. ಎಂಬತ್ತು ರೂಪಾಯಿ.

ಇಡುವುದೆಲ್ಲಿ? ಕಳ್ಳರು ಪೆಟ್ಟಿಗೆ ಒಡೆಯುತ್ತಾರೆ, ಕಪಾಟು ಒಡೆಯುತ್ತಾರೆ. ಬಾಯಿ ಹೊಲಿದ ಕೊಬ್ಬರಿ ಮೂಟೆಯನ್ನು ಬೆಲೆ ಏರುವ ತನಕ ಯಜಮಾನನೇ ಬಿಚ್ಚುವುದಿಲ್ಲ. ತೋಟಾದ ಎರಡು ಡಬ್ಬಿಯನ್ನೂ ಮೂಟೆಯ ನಡುವೆ ಇಟ್ಟು ಹೊಲಿದು, ಅಟ್ಟದ ಮೇಲೆ ಆರು ಮೂಟೆಗಳ ಜೊತೆ ಏಳನೆಯದಾಗಿ ಏರಿಸಿದೆ. ಕಾದವನಿಗೆ ಕೊಬ್ಬರಿ ಎಂದೂ ಮೋಸ ಮಾಡಿಲ್ಲ.

೨ ಮೇ ೧೯೬೩

ತೋಟಾ ಮೂರು ರೂಪಾಯಿ. ಏನೂ ಮಾಡದೆ ಅಟ್ಟದ ಮೇಲೆ ಎಪ್ಪತ್ತು ರೂಪಾಯಿ ಹುಟ್ಟಿದೆ. ಮಾರುವಂತಿಲ್ಲ, ಗೊತ್ತು. ಆದರೂ ಊಟಕ್ಕೆ ಕೂತಾಗ ಅಟ್ಟದ ಕಡೆ ನೋಡಿದರೆ ಅನ್ನ ರುಚಿಯಾಗುತ್ತದೆ.

ಬಿಸಿಲು ವಿಪರೀತ. ಮೂಟೆಗಳು ಎಣ್ಣೆ ಬೆವರುತ್ತಿವೆ. ಒಳ್ಳೆಯ ಕೊಬ್ಬರಿ.

೨೧ ಜುಲೈ ೧೯೬೩

ಹಂದಿ ಇಳಿದಿವೆ. ನನ್ನ ಹೊಲದಲ್ಲಿ ಎರಡು ಸಾಲು, ಬೀರಪ್ಪನ ಅರ್ಧ ಎಕರೆಯಲ್ಲಿ ನಾಲ್ಕು ಸಾಲು ಕೆದರಿವೆ. ಮೂಟೆ ಬಿಚ್ಚಿ ಎರಡು ತೋಟಾ ಒಯ್ದುಕೊಟ್ಟೆ. ಅವನು ಬೆರಳಲ್ಲಿ ಉರುಳಿಸಿ, ಮೂಗಿಗೆ ಹಿಡಿದ.

“ಕೊಬ್ರಿ ವಾಸ್ನೆ ಹೊಡೀತೈತೆ ಸಾವ್ಕಾರ್ರೆ.”

“ಹಂದಿಗೆ ಒಗ್ಗರಣೆ ಕಣೋ.”

ಅವನು ನಗಲಿಲ್ಲ. “ಕಾಗ್ದ ಮೆತ್ತಗಾಗೈತೆ. ಇನ್ನೊಂದು ಕೊಡಿ, ಒಂದ್ಸಾರಿ ಹಾರ್ಸಿ ನೋಡ್ಬುಡ್ತೀನಿ.”

“ಪರೀಕ್ಷೆಗೆ ಮೂರು ರೂಪಾಯಿನಾ? ನಿನ್ನ ಕುರೀನ ಸುಮ್ನೆ ಪರೀಕ್ಷೆಗೆ ಕುಯ್ತೀಯಾ?”

ಅವನು ಎರಡನ್ನೂ ಪಂಚೆಗೆ ಒರೆಸಿ ಸಿಕ್ಕಿಸಿಕೊಂಡು ಹೋದ. ವ್ಯಾಪಾರದಲ್ಲಿ ಕೊನೆಯ ಮಾತು ಯಾರದೋ ಅವನದೇ ಗೆಲುವು.

೨೩ ಜುಲೈ ೧೯೬೩

ಬೆಳಿಗ್ಗೆ ಏಳು ಗಂಟೆಗೆ ಹಂದಿ ಬೀರಪ್ಪನ ಮೇಲೆ ಬಿತ್ತು. ಬಲಮೊಣಕಾಲು ಸೀಳಿದೆ. ಕೋವಿ ಹಾರಲಿಲ್ಲ.

೨೪ ಜುಲೈ ೧೯೬೩

ನನ್ನ ಬಿತ್ತನೆ ಗಾಡಿಯಲ್ಲಿ ಗೋಣಿ ಹಾಸಿ ಬೇಲೂರಿಗೆ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹಾಸನದ ಆಸ್ಪತ್ರೆಗೆ. ಕಾರಿಗೆ ಇಪ್ಪತ್ತೆರಡು ರೂಪಾಯಿ. ಹದಿನೆಂಟಕ್ಕೆ ಒಪ್ಪುತ್ತಿದ್ದ, ನಾನು ಚೌಕಾಸಿ ಮಾಡಲಿಲ್ಲ. ಮರೆತೆ.

ಒಂದು ವಿಚಿತ್ರ. ನಾನು ಹೊಲ ಮುಟ್ಟಿದಾಗ ಅವನು ಬದುವಿಗೆ ಒರಗಿ, ಅಷ್ಟು ರಕ್ತ ಹೋಗುತ್ತಿದ್ದರೂ ಕೋವಿಯನ್ನು ನಡುವೆ ಬಾಗಿಸಿ ತೆರೆದು ತೋಟಾ ಎರಡನ್ನೂ ತೆಗೆದಿದ್ದ. ಯಾಕೆ ಎಂದು ಕೇಳುವ ಹೊತ್ತಲ್ಲ.

೨೯ ಜುಲೈ ೧೯೬೩

ಪೊಲೀಸ್ ದಫೇದಾರರು ಆಸ್ಪತ್ರೆಗೇ ಬಂದು ಹೇಳಿಕೆ ಬರೆದುಕೊಂಡರು. ನಾನು ಮಂಚದ ಕಾಲ ಬಳಿ ನಿಂತಿದ್ದೆ.

“ಕೋವಿ ಯಾಕೆ ಹಾರಲಿಲ್ಲ?”

“ಕುದ್ರೆ ಎಳೆಯೋದು ಮರ್ತೆ ಸ್ವಾಮಿ” ಎಂದ ಬೀರಪ್ಪ. ಕೋವಿಯ ಹಿಂದಿನ ಕೊಕ್ಕೆಗೆ ಇವರು ಕುದುರೆ ಎನ್ನುತ್ತಾರೆ. ಅದನ್ನು ಹಿಂದಕ್ಕೆ ಎಳೆಯದೆ ಕೋವಿ ಹಾರುವುದಿಲ್ಲ. ಮೀಸೆ ಬರುವ ಮೊದಲೇ ಕಲಿಯುವ ಪಾಠ.

“ಮುದುಕ ಆದೆ ಬಿಡು” ಎಂದು ದಫೇದಾರರು ಕಾಗದ ಮಡಚಿದರು. ಬೀರಪ್ಪ ಗೋಡೆಯ ಕಡೆ ತಿರುಗಿಕೊಂಡ.

ನಾನು ಬಾಯಿ ಬಿಡಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ವ್ಯಾಪಾರಿಯ ಲಕ್ಷಣವಲ್ಲ.

೪ ಆಗಸ್ಟ್ ೧೯೬೩

ಹನುಮಕ್ಕನಿಗೆ ಖರ್ಚಿಗೆಂದು ಹತ್ತು ರೂಪಾಯಿ ಒಯ್ದೆ. ಹೊಸಿಲಲ್ಲೇ ನಿಲ್ಲಿಸಿದಳು.

“ತೋಟಾನ ಎಣ್ಸಿ ಕೊಡ್ತಿದ್ರಿ, ಎಣ್ಸಿ ಈಸ್ಕೊಳ್ತಿದ್ರಿ. ನಾನೂ ನನ್ ಗಂಡನ್ನ ಎಣ್ಸೇ ಕೊಟ್ಟಿದ್ದೆ, ಎಲ್ಡು ಕಾಲು. ಎಷ್ಟು ವಾಪಸ್ ತರ್ತೀರಿ?”

ಹತ್ತು ರೂಪಾಯಿಯನ್ನು ಒರಳಿನ ಮೇಲೆ ಇಟ್ಟು ಬಂದೆ. ದಾರಿಯಲ್ಲಿ ದನದ ಕೊಟ್ಟಿಗೆ ಹತ್ತಿರ ಪಡ್ಡೆ ಹುಡುಗರು ಆಡಿಕೊಳ್ಳುತ್ತಿದ್ದರು. ಬೀರಪ್ಪನಿಗೆ ಹೊಸ ಹೆಸರು ಬಿದ್ದಿದೆ. ಕುದ್ರೆ ಮರ್ತ ಬೀರ.

೧೧ ಆಗಸ್ಟ್ ೧೯೬೩

ಆಸ್ಪತ್ರೆಗೆ ಹೋಗಿದ್ದೆ. ಮೊಟ್ಟೆ ಆರು, ಬ್ರೆಡ್ಡು ಒಂದು. ನಮ್ಮ ಮನೆಗೆ ಮೊಟ್ಟೆ ಬಂದದ್ದಿಲ್ಲ. ಕೊಂಡು, ಟವೆಲಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ಕಳ್ಳನ ಹಾಗೆ ಕೂತಿದ್ದೆ.

ಕಾಲು ಉಳಿಯುತ್ತದೆ, ಮೊಣಕಾಲು ಮಡಚುವುದಿಲ್ಲ ಎಂದರು ಡಾಕ್ಟರು. ಬೀರಪ್ಪನ ಕುರಿಗಳನ್ನು ಅಳಿಯ ಹೊಡೆದುಕೊಂಡು ಹೋಗಿದ್ದಾನಂತೆ. ಡಾಕ್ಟರು ಅತ್ತ ಹೋದ ಮೇಲೆ ಬೀರಪ್ಪ ದಿಂಬಿನ ಕೆಳಗಿಂದ ಒಂದು ತೋಟಾ ತೆಗೆದು ನನ್ನ ಕೈಯಲ್ಲಿಟ್ಟರು.

“ಇದ ಮಡೀಕಳಿ. ಇನ್ನೊಂದು ಕೆಸ್ರಲ್ಲಿ ಹೋಯ್ತು.”

ತೋಟಾದ ಹಿಂಭಾಗದಲ್ಲಿ ಕುದುರೆ ಕುಟ್ಟಿದ ಗುಳಿ ಚೆನ್ನಾಗಿ ಕಾಣುತ್ತಿತ್ತು. ಕುದುರೆ ಎಳೆದಿದ್ದರು, ಬಿಟ್ಟಿದ್ದರು, ಅದು ಬಿದ್ದಿತ್ತು. ಒಳಗಿನ ಮದ್ದಿಗೆ ಎಣ್ಣೆ ಇಳಿದಿತ್ತು. ಮೂಗಿನ ಹತ್ತಿರ ಹಿಡಿಯುವ ಅಗತ್ಯವೇ ಇರಲಿಲ್ಲ.

“ದಫೇದಾರ್ರಿಗೆ ಯಾಕೆ ಹೇಳ್ಲಿಲ್ಲ ಬೀರಪ್ಪ?”

“ಹೇಳಿದ್ರೆ ನಿಮ್ ಲೈಸೆನ್ಸ್ ಹೋಯ್ತಿತ್ತು. ಊರ್ಗೆ ಇರೋದೊಂದು ಕೋವಿ. ನನ್ ಹೊಲ್ದಾಗೂ ಗೆಡ್ಡೆ ಐತೆ.”

ಇದು ಔದಾರ್ಯವಲ್ಲ, ಲೆಕ್ಕ. ನಾನಾದರೂ ಹೀಗೇ ಮಾಡುತ್ತಿದ್ದೆ ಎಂದು ಬಸ್ಸಿನಲ್ಲಿ ಅಂದುಕೊಂಡೆ. ಹಗರೆ ಹತ್ತಿರ ಬರುವಾಗ, ಮಾಡುತ್ತಿರಲಿಲ್ಲ ಎನ್ನಿಸಿತು.

೧೩ ಆಗಸ್ಟ್ ೧೯೬೩

ಹೊಸ ತೋಟಾ ಮೂವತ್ತು ಕೊಂಡೆ. ಕೋಟಾ ಮುಗಿದಿತ್ತು, ಬೆಳೆ ಹಾಳಾಗುತ್ತಿದೆ ಎಂದು ಹೊಸ ಅರ್ಜಿ ಹಾಕಿ ಹುಕುಂ ಪಡೆದದ್ದು. ಮೂರು ರೂಪಾಯಿಯಂತೆ ತೊಂಬತ್ತು. ಬೆಲೆ ಇಳಿಯುವ ತನಕ ಕಾಯಬಹುದಿತ್ತು. ಕಾಯಲಿಲ್ಲ.

೨೫ ಆಗಸ್ಟ್ ೧೯೬೩

ದಿನಾ ಸಂಜೆ ಹೊಲದಲ್ಲಿ ನಿಂತು ಹಂದಿ ಬೆದರಲೆಂದು ಒಂದು ತೋಟಾ ಆಕಾಶಕ್ಕೆ ಹಾರಿಸುತ್ತಿದ್ದೇನೆ. ಬೀರಪ್ಪನವರ ಅರ್ಧ ಎಕರೆಯ ಕಡೆಯಿಂದ. ಇವತ್ತಿಗೆ ಹನ್ನೆರಡು. ಎಲ್ಲವೂ ಹಾರಿದವು.

೧೫ ಸೆಪ್ಟೆಂಬರ್ ೧೯೬೩

ಬೀರಪ್ಪನವರು ಊರಿಗೆ ಬಂದು ನಾಲ್ಕು ದಿನ. ನೆಟ್ಟಗಿನ ಕಾಲು ನೆಟ್ಟಗೇ ಚಾಚಿಕೊಂಡು, ಇವತ್ತು ಬೆಳಿಗ್ಗೆ ಹೊಲದ ಅಟ್ಟಣೆಯ ಮೇಲೆ ಕೂತರು. ಇಬ್ಬರು ಎತ್ತಿ ಕೂರಿಸಿದರು. ಪಕ್ಕದಲ್ಲಿ ನಾನು, ಮಡಿಲಲ್ಲಿ ತೋಟಾ ಡಬ್ಬಿ.

“ಒಂದು ಹಾರ್ಸಿ ನೋಡಣ್ಣ ಮೊದ್ಲು” ಅಂದೆ.

“ಮೂರ್ ರೂಪಾಯಿ ಸಾವ್ಕಾರ್ರೆ.”

“ಗೊತ್ತು, ಹಾರ್ಸು.”

ಹಾರಿಸಿದರು. ಆ ಸದ್ದಿಗೆ ಹಂದಿ ಬರಲಾರದು ಅಂದುಕೊಂಡೆ. ಬಿಸಿಲೇರುವ ಹೊತ್ತಿಗೆ ಜನ ಹಳ್ಳದ ಪೊದೆ ಬಡಿದರು. ಒಂಟಿ ಗಂಡುಹಂದಿ ಬಂತು. ಒಂದೇ ಈಡು.

ಹೊಂಗೆ ಮರದ ಕೆಳಗೆ ಪಾಲಿಗೆ ಎಲೆ ಹಾಸಿದರು. ಹೆಸರು ಕೂಗಲು ಅಣ್ಣಯ್ಯ ಎದ್ದ. ಹಿಂದಿನಿಂದ ಯಾರೋ ಅಂದರು. “ಇವತ್ತು ಕುದ್ರೆ ನೆಪ್ಪಿತ್ತೇನೋ ಕೇಳ್ರಲಾ ಮೊದ್ಲು.” ನಕ್ಕರು. ಅಣ್ಣಯ್ಯನೂ ಸ್ವಲ್ಪ ನಕ್ಕ. ಬೀರಪ್ಪನವರು ಆಕಾಶ ನೋಡಲಿಲ್ಲ. ಕಾಲನ್ನು ನೋಡಿಕೊಂಡರು.

ಖಾತೆಯಲ್ಲಿ ತಪ್ಪು ಬರಹ ಕಂಡರೆ ನನಗೆ ತಡೆಯುವುದಿಲ್ಲ. ನಡುವೆ ಹೋಗಿ ನಿಂತೆ. ಜೇಬಿನಿಂದ ಆ ತೋಟಾ ತೆಗೆದು ಅಣ್ಣಯ್ಯನ ಕೈಗೆ ಕೊಟ್ಟೆ.

“ಮೂಸಿ ನೋಡು.”

ಮೂಸಿದ. “ಇದೇನ್ ಸಾವ್ಕಾರ್ರೆ, ಕೊಬ್ರಿ?”

“ಹಿಂದೆ ತಿರುಗ್ಸಿ ನೋಡು. ಗುಳಿ ಬಿದ್ದಿದ್ಯಾ? ಕುದುರೆ ಎಳೆದಿದ್ರು. ಎರಡೂ ಸಾರಿ ಎಳೆದಿದ್ರು. ತೋಟಾ ಹಾರ್ಲಿಲ್ಲ. ಬೆಲೆ ಬರ್ಲಿ ಅಂತ ಏಳು ತಿಂಗಳು ಕೊಬ್ಬರಿ ಮೂಟೇಲಿಟ್ಟೋನು ನಾನು. ಹಾರ್ಸಿ ನೋಡ್ತೀನಿ, ಇನ್ನೊಂದು ಕೊಡಿ ಅಂತ ಕೇಳಿದ್ರು. ಮೂರು ರೂಪಾಯಿಗೆ ಆಸೆಪಟ್ಟು ಕೊಡ್ಲಿಲ್ಲ. ಈಗ ಹೆಸ್ರು ಕೂಗು.”

ತೋಟಾ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮೂಸಿದರು. ಹನುಮಕ್ಕನೂ ಮೂಸಿ, ನನ್ನನ್ನು ಒಂದು ಗಳಿಗೆ ನೋಡಿದಳು. “ಬಾಯಿ ಬರೋಕೆ ಎಲ್ಡು ತಿಂಗ್ಳು ಬೇಕಾಯ್ತಾ?” ಎಂದಳು.

ಅಣ್ಣಯ್ಯ ಮೂರು ಸಾರಿ ಕೂಗಿದ. ಹಿಂದಿಗಿಂತ ಗಟ್ಟಿಯಾಗಿ ಕೂಗಿದನೋ, ನಾನು ಹತ್ತಿರ ನಿಂತಿದ್ದೆನೋ. ಕೋವಿಯ ಪಾಲು ಯಾರಿಗೆ ಎಂದು ಕೇಳಿದಾಗ, “ಕಾಲಿಗೆ” ಅಂದೆ. ಇನ್ನು ಮುಂದೆಯೂ ಅಷ್ಟೇ.

೧೮ ಸೆಪ್ಟೆಂಬರ್ ೧೯೬೩

ಮಿಕ್ಕ ನಲವತ್ತೆಂಟು ತೋಟಾವನ್ನು ವಾಪಸು ಒಪ್ಪಿಸಲು, ನಡೆದದ್ದೆಲ್ಲ ತಿಳಿಸಿ ಅರ್ಜಿ ಬರೆಸಿದೆ.

“ಎಲ್ಲಿಟ್ಟಿದ್ರಿ?” ಎಂದರು ಸುಬ್ಬರಾಮಯ್ಯ.

“ಕೊಬ್ಬರಿ ಮೂಟೇಲಿ.”

“ಚಟ್ನಿ ಅರೆಯೋಕಾ?” ಎಂದು ಕನ್ನಡಕದ ಮೇಲಿಂದ ನೋಡಿದರು. “ಇದನ್ನ ಹೀಗೇ ಬರೆದ್ರೆ ಲೈಸೆನ್ಸು ಹೋಗಬಹುದು ಕಣ್ರೀ.”

“ಬರೀರಿ.”

೧೮ ಅಕ್ಟೋಬರ್ ೧೯೬೩, ಮತ್ತೆ

ಲೈಸೆನ್ಸು ಹೋಗಲಿಲ್ಲ. ಕೋಟಾ ಐವತ್ತರಿಂದ ಇಪ್ಪತ್ತೈದಕ್ಕೆ ಇಳಿಯಿತು, ಜೊತೆಗೆ ಒಂದು ಎಚ್ಚರಿಕೆಯ ಕಾಗದ. ಬೀರಪ್ಪನವರು ಸಂತೆಯ ದಿನ ನನ್ನ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾರೆ. ಕೈ ಧಾರಾಳ, ಗಿರಾಕಿಗೆ ಒಂದೊಂದು ಗೆಡ್ಡೆ ಹೆಚ್ಚೇ ಹೋಗುತ್ತದೆ. ಹೇಳಬೇಕು ಎಂದುಕೊಳ್ಳುತ್ತೇನೆ.

ಹೋದದ್ದನ್ನು ಮೊದಲ ಹಾಳೆಯಲ್ಲಿ ಬರೆದಿದ್ದೇನೆ. ಬಂದದ್ದು ಇದು.

ಕೋವಿಯ ಅಂಗಡಿಯವನಿಗೆ: ನೂರೈದು ತೋಟಾದ ದುಡ್ಡು.
ಸುಬ್ಬರಾಮಯ್ಯನವರಿಗೆ: ನಾಲ್ಕು ಅರ್ಜಿಯ ಬರವಣಿಗೆ, ಎರಡು ರೂಪಾಯಿ. ಚಟ್ನಿಯ ಮಾತು ಬಿಟ್ಟಿ.
ಅಣ್ಣಯ್ಯ ಮತ್ತು ಪೊದೆ ಬಡಿದವರಿಗೆ: ಐದು ಹಂದಿಯ ಸಮಪಾಲು.
ಜುಲೈ ತಿಂಗಳ ಹಂದಿಗೆ: ಅದರ ಜೀವ.
ಹನುಮಕ್ಕನಿಗೆ: ಖಾಲಿ ತೋಟಾ ಅಷ್ಟೂ, ಎಣಿಸದೆ.
ದೊಡ್ಡಬೀರಪ್ಪನವರಿಗೆ: ಕೋವಿಯ ಪಾಲು, ಮತ್ತು ಅವರ ಹೆಸರು.
ನನಗೆ: ಆಲೂಗಡ್ಡೆ ಮೂವತ್ತೊಂದು ಮೂಟೆ. ಗೆಂಡೆಹಳ್ಳಿಯಿಂದ ಹಳೇಬೀಡಿನವರೆಗೆ ಸಂತೆಗಳಲ್ಲಿ ಕರೆಯುವ ಒಂದು ಅಡ್ಡಹೆಸರು, ಕೊಬ್ರಿ ತೋಟಾ ಸಾವ್ಕಾರ.